ಕಲ್ಲು ಕತ್ತರಿಸುವ ಪೋರ್ಟಬಲ್ ಸಿಎನ್‌ಸಿ: ಕಂಪ್ಯೂಟರ್ ಅಗ್ಗವಾಯಿತು, ಭಾರ ಇಳಿಯಲಿಲ್ಲ

ಕಲ್ಲಿನ ಕೆಲಸದ ಬಗ್ಗೆ ಈಗ ಎರಡು ಬಗೆಯ ಸುದ್ದಿಗಳು ಒಟ್ಟೊಟ್ಟಿಗೆ ಓಡಾಡುತ್ತಿವೆ. ಒಂದರಲ್ಲಿ, ಇಬ್ಬರು ಎತ್ತಿ ತರಬಹುದಾದ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಕೊಟ್ಟ ಸಂಖ್ಯೆಗಳಂತೆ ಉಪಕರಣ ನಡೆಸುವ ಯಂತ್ರವೊಂದು, ಲ್ಯಾಪ್‌ಟಾಪ್ ಹೇಳಿದ ಹಾಗೆ ಗ್ರಾನೈಟಿನ ಮೇಲೆ ಸರಿದಾಡಿ ಅಕ್ಷರ ಕೆತ್ತುತ್ತದೆ. ಇಟಲಿಯ ಕರಾರಾದಲ್ಲಿ ರೋಬೋಟ್ ತೋಳುಗಳು ಅಮೃತಶಿಲೆಯಲ್ಲಿ ಪ್ರತಿಮೆ ಕಡೆಯುವ ದೃಶ್ಯಗಳೂ ಇದೇ ಸಾಲಿನವು. ಇನ್ನೊಂದು ಬಗೆಯ ಸುದ್ದಿ ಇದಕ್ಕೆ ತದ್ವಿರುದ್ಧ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಡುಗೆಕಟ್ಟೆಗೆ ಹಾಸುವ ಕೃತಕ ಕಲ್ಲಿನ ತಯಾರಿ, ಮಾರಾಟ, ಕತ್ತರಿಸುವಿಕೆ, ಜೋಡಣೆ ಎಲ್ಲವನ್ನೂ ನಿಷೇಧಿಸಿತು. ಕಾರಣ, ಅದನ್ನು ಕತ್ತರಿಸುವಾಗ ಏಳುವ ದೂಳು.

ಎರಡನ್ನೂ ಓದಿದವರಿಗೆ ಗೊಂದಲವಾಗುವುದು ಸಹಜ. ಕಂಪ್ಯೂಟರೇ ಕಲ್ಲು ಕತ್ತರಿಸುವುದಾದರೆ ಮನುಷ್ಯ ದೂರ ನಿಲ್ಲಬಹುದಲ್ಲ, ಕಲ್ಲನ್ನೇ ಏಕೆ ನಿಷೇಧಿಸಬೇಕು? ಯಂತ್ರ ಅಷ್ಟು ಚಿಕ್ಕದಾಗಿದ್ದರೆ ಕಲ್ಲಿನ ಕಾರ್ಖಾನೆಗಳು ಇನ್ನೂ ಹಲವು ಟನ್ ತೂಕದ ಯಂತ್ರಗಳನ್ನೇ ಏಕೆ ಕೊಳ್ಳುತ್ತಿವೆ? ಕಲ್ಲು ಕತ್ತರಿಸುವಾಗ ನಿಜಕ್ಕೂ ಏನು ನಡೆಯುತ್ತದೆ ಎಂಬಲ್ಲಿಂದ ಶುರುಮಾಡಿದರೆ ಎರಡಕ್ಕೂ ಉತ್ತರ ಸಿಗುತ್ತದೆ. ಮರ ಕೊರೆಯುವ ಪುಟ್ಟ ಸಿಎನ್‌ಸಿಯನ್ನು ಸ್ವಲ್ಪ ಗಟ್ಟಿ ಮಾಡಿದರೆ ಕಲ್ಲಿಗೂ ಆದೀತು ಎಂಬ ನಂಬಿಕೆ ಕೈಕೊಡುವುದೂ ಇಲ್ಲಿಯೇ.

ಚಿಪ್ಪು ಏಳುವುದಿಲ್ಲ, ಪುಡಿ ಏಳುತ್ತದೆ

ಮರವನ್ನೋ ಅಲ್ಯೂಮಿನಿಯಮ್ಮನ್ನೋ ಕೊರೆಯುವಾಗ ಹರಿತವಾದ ಅಂಚು ಒಳಹೊಕ್ಕು ಸುರುಳಿ ಎಬ್ಬಿಸುತ್ತದೆ. ಕಲ್ಲಿನಲ್ಲಿ ಅದು ಸಾಧ್ಯವಿಲ್ಲ. ಕಲ್ಲು ಬಾಗದೆ ಬಿರಿಯುವ ವಸ್ತು. ಮೋಸ್ ಗಡಸುತನದ ಅಳತೆಯಲ್ಲಿ ಅಮೃತಶಿಲೆಯ ಮುಖ್ಯ ಖನಿಜವಾದ ಕ್ಯಾಲ್ಸೈಟ್ 3ರಲ್ಲಿದೆ. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ 6, ಸ್ಫಟಿಕ 7. ಉಕ್ಕು ಸ್ಫಟಿಕಕ್ಕಿಂತ ಕೆಳಗೇ ಉಳಿಯುತ್ತದೆ. ಹಾಗಾಗಿ ಗ್ರಾನೈಟ್ ಕತ್ತರಿಸಲು ಸಾಮಾನ್ಯವಾಗಿ ಬಳಸುವುದು 10ರಲ್ಲಿರುವ ವಜ್ರವನ್ನೇ.

ವಜ್ರದ ಬ್ಲೇಡಿಗೆ ಹಲ್ಲುಗಳಿಲ್ಲ. ಅದರ ಅಂಚಿನ ತುಂಡುಗಳಲ್ಲಿ ಪುಡಿಯನ್ನು ಬೆಸೆದು ಗಟ್ಟಿ ಮಾಡಿದ ಲೋಹದ ನಡುವೆ ಸಣ್ಣ ವಜ್ರದ ಹರಳುಗಳು ಹೂತಿರುತ್ತವೆ. ಪ್ರತಿಯೊಂದು ಹರಳೂ ಕಲ್ಲನ್ನು ಒತ್ತಿ, ಗೀರಿ, ಸೂಕ್ಷ್ಮವಾಗಿ ಪುಡಿಮಾಡುತ್ತದೆ. ಹರಳು ಮೊಂಡಾದಾಗ ಸುತ್ತಲಿನ ಲೋಹ ಸವೆದು ಅದನ್ನು ಉದುರಿಸಬೇಕು, ಒಳಗಿನ ಹೊಸ ಹರಳು ಮುಖ ತೋರಬೇಕು. ಆದ್ದರಿಂದಲೇ ಗಡಸು ಗ್ರಾನೈಟಿಗೆ ಮೆದು ಲೋಹದ ಬ್ಲೇಡು, ಉಜ್ಜುವ ಗುಣದ ಮರಳುಗಲ್ಲಿಗೆ ಗಡಸು ಲೋಹದ ಬ್ಲೇಡು. ಮೊದಲ ಸಲ ಕೇಳಿದವರಿಗೆ ಇದು ಉಲ್ಟಾ ಅನಿಸುತ್ತದೆ. ಆದರೆ ಗ್ರಾನೈಟಿಗೆ ಗಡಸು ಲೋಹ ಹಾಕಿದರೆ ಲೋಹ ಸವೆಯುವುದೇ ಇಲ್ಲ, ಮೊಂಡಾದ ಹರಳುಗಳು ಅಲ್ಲೇ ಉಳಿದು ಬ್ಲೇಡಿನ ಅಂಚು ನುಣ್ಣಗಾಗಿ ಹೊಳೆಯತೊಡಗುತ್ತದೆ. ಆಮೇಲೆ ಅದು ಕತ್ತರಿಸುವುದಿಲ್ಲ, ಬಿಸಿಯಾಗುತ್ತದೆ ಅಷ್ಟೆ.

ಯಂತ್ರ ವಿನ್ಯಾಸ ಮಾಡುವವರಿಗೆ ಇದರಲ್ಲಿ ಒಂದು ಕಟ್ಟುಪಾಡಿದೆ. ಬ್ಲೇಡು ತನ್ನನ್ನು ತಾನೇ ಹರಿತಗೊಳಿಸಿಕೊಳ್ಳಬೇಕಾದರೆ ಪ್ರತಿ ಹರಳಿನ ಮೇಲೂ ಒಂದು ಕನಿಷ್ಠ ಒತ್ತಡ ಬೀಳಲೇಬೇಕು. “ಯಂತ್ರ ದುರ್ಬಲವಾಗಿದ್ದರೇನಂತೆ, ಮೆಲ್ಲಗೆ, ತೆಳ್ಳಗೆ ಕೊರೆಯೋಣ” ಎಂಬುದು ಮರದ ವಿಷಯದಲ್ಲಿ ಒಳ್ಳೆಯ ಉಪಾಯ. ಗ್ರಾನೈಟಿನಲ್ಲಿ ತೀರಾ ಮೆಲ್ಲಗೆ ಹೋದರೆ ಕೊರೆತದ ಬದಲು ಪಾಲಿಶ್ ನಡೆಯುತ್ತದೆ, ಉಪಕರಣ ಹೊಳಪುಗಟ್ಟಿ ಕೂರುತ್ತದೆ.

ವೇಗ ಕಳೆದುಕೊಂಡರೆ ಬಲ ತೆರಬೇಕು

ಗ್ರಾನೈಟ್ ಕತ್ತರಿಸುವ ಬ್ಲೇಡಿನ ಅಂಚು ಸಾಮಾನ್ಯವಾಗಿ ಸೆಕೆಂಡಿಗೆ 25ರಿಂದ 35 ಮೀಟರ್ ವೇಗದಲ್ಲಿ ಓಡುವಂತೆ ನೋಡಿಕೊಳ್ಳುತ್ತಾರೆ. 350 ಮಿ.ಮೀ. ವ್ಯಾಸದ ಬ್ಲೇಡಿಗೆ ನಿಮಿಷಕ್ಕೆ ಸುಮಾರು 1,600 ಸುತ್ತು ಸಾಕು, ಅಂಚು 30 ಮೀಟರ್ ವೇಗ ಮುಟ್ಟುತ್ತದೆ. ಅದೇ ಜಾಗದಲ್ಲಿ 6 ಮಿ.ಮೀ.ನ ವಜ್ರದ ಬಿಟ್ (ಕಡ್ಡಿಯಂಥ ಕೊರೆಯುವ ಉಪಕರಣ) ಇಟ್ಟು ನಿಮಿಷಕ್ಕೆ 24,000 ಸುತ್ತು ತಿರುಗಿಸಿದರೂ ಅಂಚಿನ ವೇಗ ಸೆಕೆಂಡಿಗೆ ಏಳೂವರೆ ಮೀಟರ್ ಮಾತ್ರ.

ವ್ಯತ್ಯಾಸ ಎಲ್ಲಿ ತಟ್ಟುತ್ತದೆ? ಶಕ್ತಿಯೆಂದರೆ ಬಲ ಮತ್ತು ವೇಗದ ಗುಣಲಬ್ಧ. ಒಂದು ಕಿಲೋವ್ಯಾಟ್ ಶಕ್ತಿಯನ್ನು 30 ಮೀಟರ್ ವೇಗದ ಅಂಚಿನಲ್ಲಿ ಖರ್ಚು ಮಾಡಿದರೆ ಬ್ಲೇಡಿನ ದಿಕ್ಕಿನಲ್ಲಿ ಬೀಳುವ ಬಲ ಸುಮಾರು 33 ನ್ಯೂಟನ್. ಅಂದರೆ ಮೂರು ಕಿಲೋ ಚಿಲ್ಲರೆ ತೂಕದಷ್ಟು. ಅದೇ ಒಂದು ಕಿಲೋವ್ಯಾಟ್ಟನ್ನು ಏಳೂವರೆ ಮೀಟರ್ ವೇಗದ ಬಿಟ್ಟಿನಲ್ಲಿ ಖರ್ಚು ಮಾಡಿದರೆ 133 ನ್ಯೂಟನ್, ನಾಲ್ಕು ಪಟ್ಟು. ಇದು ಸವರುವ ದಿಕ್ಕಿನ ಬಲ ಮಾತ್ರ. ಕಲ್ಲಿನೊಳಗೆ ಒತ್ತುವ ಬಲ ಗ್ರಾನೈಟಿನಲ್ಲಿ ಇದರ ಹಲವು ಪಟ್ಟು ಇರುತ್ತದೆ, ಉಪಕರಣ ಮೊಂಡಾದಂತೆ ಇನ್ನೂ ಏರುತ್ತದೆ. ಚೌಕಟ್ಟನ್ನು ಬಗ್ಗಿಸುವುದು ಈ ಎರಡನೆಯ ಬಲ.

ಹೀಗಾಗಿ ದೊಡ್ಡ ಬ್ಲೇಡು ಹಗುರ ಚೌಕಟ್ಟಿನ ಮಿತ್ರ, ಚಿಕ್ಕ ಬಿಟ್ ಅದರ ಶತ್ರು. ನೋಡುವವರ ಎಣಿಕೆ ಇದಕ್ಕೆ ವಿರುದ್ಧ: ಪುಟ್ಟ ಯಂತ್ರಕ್ಕೆ ಪುಟ್ಟ ಉಪಕರಣ ಸರಿಹೊಂದುತ್ತದೆ ಎಂದೇ ಅನಿಸುತ್ತದೆ. ದೊಡ್ಡ ಬ್ಲೇಡಿಗೂ ಮಿತಿಯಿದೆ. ಅದು ನೇರ ಗೆರೆಯಲ್ಲಿ ಮಾತ್ರ ಹೋಗಬಲ್ಲದು. ಕತ್ತರಿಸಿದ ಸೀಳಿನೊಳಗೆ ಬ್ಲೇಡು ಇರುವಾಗ ಯಂತ್ರ ಕೂದಲೆಳೆಯಷ್ಟು ಅಡ್ಡ ಸರಿದರೂ ಬ್ಲೇಡು ಸಿಕ್ಕಿಬಿದ್ದು ಇಡೀ ಯಂತ್ರವನ್ನೇ ಒದೆಯುತ್ತದೆ. ತಿರುವು, ಅಕ್ಷರ, ಸಿಂಕಿನ ಕಿಂಡಿ ಬೇಕೆಂದರೆ ಬಿಟ್ಟಿಗೇ ಮರಳಬೇಕು.

ಬಿಟ್ಟಿನಿಂದ 20 ಮಿ.ಮೀ. ದಪ್ಪದ ಚಪ್ಪಡಿಯನ್ನು ಆರಪಾರ ಕೊರೆಯುವುದನ್ನು ಲೆಕ್ಕ ಹಾಕಿ. ಒಂದು ಸಲಕ್ಕೆ ಅರ್ಧ ಮಿ.ಮೀ. ಆಳ, ನಿಮಿಷಕ್ಕೆ 300 ಮಿ.ಮೀ. ನಡಿಗೆ ಎಂದಿಟ್ಟುಕೊಂಡರೆ ಒಂದು ಮೀಟರ್ ಉದ್ದದ ಗೆರೆಗೆ 40 ಸಲ ಓಡಾಡಬೇಕು, ಎರಡು ಗಂಟೆ ದಾಟುತ್ತದೆ. ದೊಡ್ಡ ಬ್ಲೇಡು ಇದನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಜಾಲತಾಣದ ವೀಡಿಯೊಗಳು ವೇಗ ಹೆಚ್ಚಿಸಿ ತೋರಿಸುವ ಭಾಗ ಇದೇ.

ಬಾಗುವಿಕೆಯ ಲೆಕ್ಕ

ಒಂದು ತುದಿಯಲ್ಲಿ ಬಿಗಿದು ಚಾಚಿದ ತೊಲೆಯ ಇನ್ನೊಂದು ತುದಿಯನ್ನು ಒತ್ತಿದರೆ ಬಾಗುವಿಕೆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಉದ್ದ ಇಮ್ಮಡಿಯಾದರೆ ಬಾಗುವಿಕೆ ಎಂಟು ಪಟ್ಟು. ಉಪಕರಣ ಹಿಡಿದ ತಲೆ ಕಲ್ಲಿನಿಂದ ಎಷ್ಟು ಮೇಲೆ ನಿಂತಿದೆ, ತೋಳು ಎಷ್ಟು ಚಾಚಿದೆ ಎಂಬುದೇ ಇಲ್ಲಿ ನಿರ್ಣಾಯಕ. ಮೋಟಾರಿನ ಬಲ ಆಮೇಲಿನ ಮಾತು.

ಕಾರ್ಖಾನೆಗಳಲ್ಲಿ ಬಳಸುವ ರೋಬೋಟ್ ತೋಳುಗಳ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಸಾಧಾರಣ ಲೋಹ ಕೊರೆಯುವ ಯಂತ್ರವನ್ನು ಒಂದು ಮೈಕ್ರಾನ್‌ನಷ್ಟು (ಮಿ.ಮೀ.ನ ಸಾವಿರದಲ್ಲೊಂದು ಪಾಲು) ಬಾಗಿಸಲು 50 ನ್ಯೂಟನ್‌ಗೂ ಹೆಚ್ಚು ಬಲ ಬೇಕು. ರೋಬೋಟ್ ತೋಳಿಗೆ ಸಾಮಾನ್ಯವಾಗಿ ಒಂದು ನ್ಯೂಟನ್ ಕೂಡ ಬೇಡ. 200 ನ್ಯೂಟನ್ ಬಲ ಬಿದ್ದರೆ ತೋಳು 0.2 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಸರಿಯುತ್ತದೆ. ಪ್ರತಿಮೆಗೆ ಅದು ನಡೆಯುತ್ತದೆ. ಹೇಗೂ ತೋಳು ಬಹುಪಾಲು ಕಲ್ಲನ್ನು ತೆಗೆದುಹಾಕಿದ ಮೇಲೆ ಕೊನೆಯ ಪದರವನ್ನು ಶಿಲ್ಪಿಗಳೇ ಕೈಯಿಂದ ಮುಗಿಸುತ್ತಾರೆ, ಅದೂ ಅಮೃತಶಿಲೆಯ ಮೆದು ಮೈಯ ಮೇಲೆ. ಎರಡು ಗ್ರಾನೈಟ್ ಚಪ್ಪಡಿಗಳು ಕಣ್ಣಿಗೆ ಕಾಣದಂತೆ ಕೂಡಬೇಕಾದ ಕಡೆ ಇದೇ ತೋಳು ಒದ್ದಾಡುತ್ತದೆ. ಇಷ್ಟಾಗಿಯೂ ಆ ತೋಳು ಎತ್ತಿಕೊಂಡು ಹೋಗುವಂಥದ್ದಲ್ಲ. ಕಲ್ಲಿಗೆ ಬಳಸುವ ಗಾತ್ರದವು ಟನ್ನಿನ ಲೆಕ್ಕದಲ್ಲಿ ತೂಗುತ್ತವೆ.

ಬಾಗುವಿಕೆ ಬರೀ ಅಳತೆಯನ್ನು ಕೆಡಿಸಿ ಸುಮ್ಮನಾಗುವುದಿಲ್ಲ. ಬಾಗುವ ಚೌಕಟ್ಟು ನಡುಗುತ್ತದೆ, ನಡುಗಿದಾಗ ವಜ್ರದ ಹರಳುಗಳು ಕಲ್ಲನ್ನು ಉಜ್ಜುವ ಬದಲು ಗುದ್ದುತ್ತವೆ, ಹರಳು ಒಡೆಯುತ್ತದೆ, ಕಲ್ಲಿನ ಅಂಚು ಚಕ್ಕೆ ಏಳುತ್ತದೆ. ಒತ್ತಿದರೆ ತಡೆದುಕೊಳ್ಳುವ ಗ್ರಾನೈಟ್ ಎಳೆತವನ್ನು ತಾಳುವುದು ಅದರ ಹತ್ತನೇ ಒಂದು ಪಾಲಿನಷ್ಟು ಅಥವಾ ಇನ್ನೂ ಕಡಿಮೆ. ಅಂಚಿನಲ್ಲಿ ಚಕ್ಕೆ ಹಾರುವುದಕ್ಕೆ ಇದೇ ಮೂಲ.

ಕಲ್ಲೇ ಯಂತ್ರದ ಪೀಠ

ಹಾಗಾದರೆ ಹೊತ್ತೊಯ್ಯುವ ಯಂತ್ರ ಅಸಾಧ್ಯವೇ? ಅಲ್ಲ. ದಶಕಗಳಿಂದ ಅಂಥವು ಕೆಲಸ ಮಾಡುತ್ತಿವೆ. ಆದರೆ ಅವು ಸುದ್ದಿಯಾಗುವಷ್ಟು ಚೆಂದ ಕಾಣುವುದಿಲ್ಲ. ಕಾಂಕ್ರೀಟ್ ಗೋಡೆಯಲ್ಲಿ ಬಾಗಿಲು ತೆರೆಯುವ ವಾಲ್ ಸಾ ಎಂಬ ಯಂತ್ರ ಗೋಡೆಗೇ ಬೋಲ್ಟ್ ಹಾಕಿ ಬಿಗಿದ ಹಳಿಯ ಮೇಲೆ ಓಡುತ್ತದೆ. ನಡೆಸುವವರು ರಿಮೋಟ್ ಹಿಡಿದು ದೂರ ನಿಂತಿರುತ್ತಾರೆ. ದುಂಡು ತೂತು ಕೊರೆಯುವ ಕೋರ್ ಡ್ರಿಲ್ಲಿನ ಕಂಬವನ್ನು ನೆಲಕ್ಕೇ ಬಿಗಿದಿರುತ್ತಾರೆ. ಕಲ್ಲುಗಣಿಯ ವಜ್ರದ ತಂತಿ ಗರಗಸವಂತೂ ಇನ್ನೂ ಜಾಣತನದ್ದು: ಬಂಡೆಯೊಳಗೆ ಒಂದಕ್ಕೊಂದು ಸೇರುವ ಎರಡು ತೂತು ಕೊರೆದು ತಂತಿ ಪೋಣಿಸುತ್ತಾರೆ, ಯಂತ್ರ ಹಳಿಯ ಮೇಲೆ ಹಿಂದಕ್ಕೆ ಸರಿಯುತ್ತಾ ತಂತಿಯನ್ನು ಬಿಗಿಯಾಗಿಡುತ್ತದೆ. ಮನೆಯಷ್ಟು ದೊಡ್ಡ ಬಂಡೆಯನ್ನು ಕತ್ತರಿಸುವ ಯಂತ್ರ ಬಂಡೆಗಿಂತ ಎಷ್ಟೋ ಚಿಕ್ಕದು.

ಮೂರರ ಗುಟ್ಟೂ ಒಂದೇ. ಕಾರ್ಖಾನೆಯ ಯಂತ್ರ ತನ್ನ ಬಿಗಿತವನ್ನು ತಾನೇ ಹೊತ್ತಿರುತ್ತದೆ, ಅದಕ್ಕಾಗಿಯೇ ಅದು ಟನ್‌ಗಟ್ಟಲೆ ಭಾರ. ಇವು ಬಿಗಿತವನ್ನು ತಾವು ಕತ್ತರಿಸುತ್ತಿರುವ ವಸ್ತುವಿನಿಂದಲೇ ಕಡ ಪಡೆಯುತ್ತವೆ. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 30 ಮಿ.ಮೀ. ದಪ್ಪದ ಗ್ರಾನೈಟ್ ಚಪ್ಪಡಿ 360 ಕಿಲೋ ದಾಟುತ್ತದೆ. ಬಂಡೆಯಾದರೆ ಕೇಳುವುದೇ ಬೇಡ. ಅಷ್ಟು ಭಾರದ, ಅಷ್ಟು ಬಿಗಿಯಾದ ಪೀಠ ಸ್ಥಳದಲ್ಲೇ ಬಿದ್ದಿರುವಾಗ ಯಂತ್ರ ತನ್ನದೊಂದು ದುರ್ಬಲ ಪೀಠ ಹೊತ್ತು ತರುವುದರಲ್ಲಿ ಅರ್ಥವಿಲ್ಲ. ಪೋರ್ಟಬಲ್ ಸಿಎನ್‌ಸಿಯ ವಿನ್ಯಾಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ಕಲ್ಲನ್ನು ಯಂತ್ರ ಹೇಗೆ ಹಿಡಿದುಕೊಳ್ಳುತ್ತದೆ? ಎಷ್ಟು ಅಕ್ಷ (ಉಪಕರಣ ಸರಿಯಬಲ್ಲ ದಿಕ್ಕು), ಯಾವ ಸಾಫ್ಟ್‌ವೇರ್ ಎಂಬುದೆಲ್ಲ ಆಮೇಲೆ.

ಬೋಲ್ಟ್ ಹಾಕಿದರೆ ಕಲ್ಲಿನಲ್ಲಿ ತೂತು ಉಳಿಯುತ್ತದೆ. ಪಾಲಿಶ್ ಆದ ಚಪ್ಪಡಿಗೆ ಅದು ಆಗದು, ಆಗ ಒಳಗಿನ ಗಾಳಿ ಎಳೆದು ಅಂಟಿಕೊಳ್ಳುವ ನಿರ್ವಾತದ ಬಟ್ಟಲುಗಳು ಬೇಕು. 150 ಮಿ.ಮೀ. ವ್ಯಾಸದ ಒಂದು ಬಟ್ಟಲು 80 ಕಿಲೋಪಾಸ್ಕಲ್ ಒತ್ತಡ ವ್ಯತ್ಯಾಸದಲ್ಲಿ ಸುಮಾರು 1,400 ನ್ಯೂಟನ್ ಬಲದಿಂದ ಅಂಟಿಕೊಳ್ಳುತ್ತದೆ. ಇಂಥ ನಾಲ್ಕಿದ್ದರೆ ಸಾಲದೇ ಎನಿಸಬಹುದು. ಆದರೆ ಅದು ಮೇಲಕ್ಕೆ ಎಳೆದಾಗಿನ ಲೆಕ್ಕ. ಅಡ್ಡ ತಳ್ಳಿದರೆ ತಡೆಯುವುದು ಘರ್ಷಣೆ ಮಾತ್ರ, ನೀರು ಸುರಿಯುತ್ತಿರುವ ಕಲ್ಲಿನ ಮೇಲೆ ಅದು ಇಳಿಯುತ್ತದೆ. ಒರಟು ಮೈಯ ಕಲ್ಲಿನಲ್ಲಿ ಗಾಳಿ ಸೋರುತ್ತದೆ. ಕರೆಂಟ್ ಹೋದರೆ? ಗೋಡೆಗೆ ಅಂಟಿಕೊಂಡ ಯಂತ್ರ ತಿರುಗುವ ಬ್ಲೇಡಿನ ಸಮೇತ ಕೆಳಗೆ. ಆದ್ದರಿಂದ ನಿರ್ವಾತದ ಮೀಸಲು ಟ್ಯಾಂಕು, ಹಿಂದಕ್ಕೆ ಗಾಳಿ ಬಿಡದ ವಾಲ್ವು, ಬೇರೆಯದೇ ಸುರಕ್ಷತಾ ಹಗ್ಗ ಇಲ್ಲದ ವಿನ್ಯಾಸವನ್ನು ಅಪೂರ್ಣ ಎಂದೇ ತಿಳಿಯಬೇಕು.

ತಾನೆಲ್ಲಿದ್ದೇನೆಂದು ಯಂತ್ರಕ್ಕೆ ತಿಳಿಯುವುದು ಹೇಗೆ

ಸಂಖ್ಯೆಗಳಿಂದ ಯಂತ್ರ ನಡೆಸುವ ಕಲೆ ಹೊಸದಲ್ಲ. ಅಮೆರಿಕದ ಎಂಐಟಿಯಲ್ಲಿ ಅಂಥ ಮಿಲ್ಲಿಂಗ್ ಯಂತ್ರದ ಪ್ರದರ್ಶನ ನಡೆದದ್ದು 1952ರಲ್ಲಿ. ಆಗ ನಿಯಂತ್ರಕವೇ ಯಂತ್ರದಷ್ಟು ದೊಡ್ಡದಿತ್ತು. 2009ರಲ್ಲಿ ಶುರುವಾದ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ ಆರ್ಡುಯಿನೋ ಎಂಬ ಅಂಗೈಯಗಲದ ಎಲೆಕ್ಟ್ರಾನಿಕ್ ಹಲಗೆಯ ಮೇಲೆ ಮೂರು ಅಕ್ಷಗಳನ್ನು ನಡೆಸಿ ತೋರಿಸಿತು. ದೊಡ್ಡ ಯಂತ್ರಗಳಿಗೆ ಲಿನಕ್ಸ್‌ಸಿಎನ್‌ಸಿ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಇದೆ. ಹವ್ಯಾಸಿಗಳ ಪುಟ್ಟ ಸಿಎನ್‌ಸಿಗಳು ಎಲ್ಲೆಡೆ ಹಬ್ಬಿದ್ದು ಈ ಅಗ್ಗದ ಮೆದುಳಿನಿಂದ. ಕಲ್ಲಿನ ಸಮಸ್ಯೆಯೂ ಮುಗಿದೇಹೋಯಿತು ಎಂಬ ಭ್ರಮೆ ಹುಟ್ಟಿದ್ದೂ ಇದರಿಂದಲೇ.

ಕಾರ್ಖಾನೆಯಲ್ಲಿ ಯಂತ್ರ ಸ್ಥಿರ, ಕಲ್ಲು ಬಂದುಹೋಗುತ್ತದೆ. ಸ್ಥಳಕ್ಕೆ ಹೋಗುವ ಯಂತ್ರ ಪ್ರತಿ ಸಲವೂ ಹೊಸ ಜಾಗದಲ್ಲಿ, ಹೊಸ ಕೋನದಲ್ಲಿ ಕೂರುತ್ತದೆ. ಕಲ್ಲು ಯಂತ್ರಕ್ಕಿಂತ ಉದ್ದವಾಗಿದ್ದರೆ ಒಂದು ಭಾಗ ಮುಗಿಸಿ ಮುಂದಕ್ಕೆ ಸರಿಸಬೇಕು. ಸರಿಸುವಾಗ ಒಂದು ಡಿಗ್ರಿಯ ಹತ್ತನೇ ಒಂದು ಪಾಲು ಓರೆಯಾದರೂ ಒಂದು ಮೀಟರ್ ದೂರದಲ್ಲಿ ಗೆರೆ 1.7 ಮಿ.ಮೀ. ತಪ್ಪುತ್ತದೆ. ಆದ್ದರಿಂದ ಕಲ್ಲಿನ ಮೇಲೆ ದೂರ ದೂರದ ಗುರುತುಗಳನ್ನಿಟ್ಟು, ಪ್ರೋಬ್‌ನಿಂದ ಮುಟ್ಟಿ ನೋಡಿ, ಯಂತ್ರದ ಸ್ಥಾನವನ್ನು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕುವ ವಿಧಾನ ಬೇಕಾಗುತ್ತದೆ. ಕಲ್ಲಿನ ಮೈ ಕೂಡ ಸಮತಟ್ಟಲ್ಲ. ಅಕ್ಷರದ ಆಳ ಒಂದೇ ಸಮ ಬರಬೇಕಾದರೆ ಮೊದಲು ಮೈಯ ಏರಿಳಿತಗಳ ನಕ್ಷೆ ತೆಗೆದು, ಆಮೇಲೆ ಅದಕ್ಕೆ ತಕ್ಕಂತೆ ಉಪಕರಣ ಏರಿಳಿಯಬೇಕು. ಇದು ಕಂಪ್ಯೂಟರಿಗೆ ನೀರು ಕುಡಿದಷ್ಟು ಸುಲಭ.

ಇನ್ನೊಂದು ದಾರಿಯೂ ಇದೆ. ಮೂವರು ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ, ಮನುಷ್ಯನೇ ಅಂದಾಜಿನಲ್ಲಿ ತಳ್ಳುವ, ಕ್ಯಾಮೆರಾ ನೋಡಿಕೊಂಡು ಕೊನೆಯ ಕೆಲವು ಮಿ.ಮೀ.ಗಳನ್ನು ತಾನೇ ಸರಿಪಡಿಸಿಕೊಳ್ಳುವ ಉಪಕರಣವನ್ನು ವಿವರಿಸಿತು. ಶೇಪರ್ ಆರಿಜಿನ್ ಎಂಬ ಕೈಯಲ್ಲಿ ಹಿಡಿಯುವ ಸಿಎನ್‌ಸಿ ಬೆಳೆದದ್ದು ಅಲ್ಲಿಂದ. ಮರಕ್ಕೆ ಅದು ಅದ್ಭುತ. ಕಲ್ಲಿಗೆ ತಂದರೆ ಮೂರು ಕಡೆ ಎಡವುತ್ತದೆ: ನೀರು ಹರಿಯುವ ಮೈಯ ಮೇಲೆ ಕ್ಯಾಮೆರಾಗೆ ದಾರಿ ತೋರಲು ಅಂಟಿಸುವ ಗುರುತಿನ ಟೇಪು ನಿಲ್ಲುವುದಿಲ್ಲ, ರಾಡಿ ಸಿಡಿದು ಕ್ಯಾಮೆರಾಗೆ ಕಣ್ಣು ಕಾಣುವುದಿಲ್ಲ, ಇವೆರಡನ್ನೂ ಹೇಗೋ ನಿಭಾಯಿಸಿದರೂ ಒತ್ತುವ ಬಲವನ್ನು ಕೊಡಬೇಕಾದವನು ಮನುಷ್ಯನೇ. ಅಂದರೆ ಅವನು ದೂಳಿನ ಮೂಲದಿಂದ ಒಂದು ಮೊಳ ದೂರದಲ್ಲಿ ಬಗ್ಗಿ ನಿಂತಿರುತ್ತಾನೆ.

ನೀರು ಬೇಕು, ನೀರೇ ಕಾಟ

ವಜ್ರದ ಬ್ಲೇಡನ್ನು ತಣ್ಣಗಿಡಲು, ಪುಡಿಯನ್ನು ತೊಳೆದು ತೆಗೆಯಲು, ದೂಳು ಏಳದಂತೆ ಮಾಡಲು ನೀರು ಬೇಕು. ಕೈಯಲ್ಲಿ ಹಿಡಿಯುವ ಕಟ್ಟರುಗಳಿಗೆ ನಿಮಿಷಕ್ಕೆ ಕನಿಷ್ಠ ಅರ್ಧ ಲೀಟರ್ ಎಂದು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆ ಹೇಳುತ್ತದೆ. ದೊಡ್ಡ ಬ್ಲೇಡುಗಳಿಗೆ ಹಲವು ಪಟ್ಟು ಹೆಚ್ಚು ಬೇಕು.

ಹರಿದ ನೀರು ಹಾಗೇ ಉಳಿಯುವುದಿಲ್ಲ. ಅದು ಸ್ಫಟಿಕದ ನುಣುಪುಡಿ ತುಂಬಿದ ರಾಡಿಯಾಗುತ್ತದೆ, ಹಳಿ, ಬೇರಿಂಗ್, ಸ್ಕ್ರೂ ಯಾವುದಕ್ಕೆ ಹೊಕ್ಕರೂ ಅರೆಯತೊಡಗುತ್ತದೆ. ಮರದ ಸಿಎನ್‌ಸಿಯ ತೆರೆದ ಹಳಿಗಳು ಇಲ್ಲಿ ಬೇಗನೆ ಸಡಿಲಾಗುತ್ತವೆ. ಹಳಿಗಳನ್ನು ಮುಚ್ಚುವ ಬೆಲ್ಲೋಸ್ (ಮಡಿಕೆ ಮಡಿಕೆಯಾದ ಕವಚ), ಒರೆಸುವ ರಬ್ಬರ್ ಅಂಚುಗಳು, ಒಳಗಿನಿಂದ ಸ್ವಲ್ಪ ಗಾಳಿ ಊದಿ ರಾಡಿ ನುಗ್ಗದಂತೆ ತಡೆಯುವ ಏರ್ಪಾಡು, ನಯವಾದ ಸ್ಕ್ರೂಗಳ ಬದಲು ತೊಳೆದು ಬಳಸಬಹುದಾದ ಒರಟು ಹಲ್ಲುಪಟ್ಟಿ — ಇವೆಲ್ಲ ತೂಕ ಸೇರಿಸುತ್ತವೆ. ಯಾವುದನ್ನೂ ಬಿಡುವಂತಿಲ್ಲ.

ವಿದ್ಯುತ್ತಿನ ಮಿತಿಯೂ ಇದೆ. 230 ವೋಲ್ಟ್, 16 ಆಂಪಿಯರ್‌ನ ಸಾಧಾರಣ ಪ್ಲಗ್ಗಿನಿಂದ ಸಿಗುವುದು ಸುಮಾರು 3.7 ಕಿಲೋವ್ಯಾಟ್. ಕಾರ್ಖಾನೆಯ ಕಲ್ಲು ಕತ್ತರಿಸುವ ಯಂತ್ರದ ಮುಖ್ಯ ಮೋಟಾರ್ ಒಂದೇ ಸುಲಭವಾಗಿ ಹತ್ತು ಕಿಲೋವ್ಯಾಟ್ ಮೀರುತ್ತದೆ. ಒಂದು ಘನ ಸೆಂಟಿಮೀಟರ್ ಗ್ರಾನೈಟನ್ನು ಪುಡಿಮಾಡಲು ಬೇಕಾದ ಶಕ್ತಿ ಯಂತ್ರ ಚಿಕ್ಕದೆಂದು ಕಡಿಮೆಯಾಗುವುದಿಲ್ಲ. ಹಾಗಾಗಿ ಶಕ್ತಿ ಮೂರನೇ ಒಂದಾದರೆ ಕೆಲಸದ ವೇಗವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ.

ಬಲವೇ ಬೇಡದ ದಾರಿಗಳ ಮಾತೂ ಬರುತ್ತದೆ. ಗಾರ್ನೆಟ್ ಪುಡಿ ಬೆರೆಸಿದ ನೀರನ್ನು ಸುಮಾರು 4,000 ಬಾರ್ ಒತ್ತಡದಲ್ಲಿ ಚಿಮ್ಮಿಸುವ ವಾಟರ್‌ಜೆಟ್ ಕಲ್ಲನ್ನು ಬಹುತೇಕ ಮುಟ್ಟದೆಯೇ ಕತ್ತರಿಸುತ್ತದೆ. ತಲೆ ಹಗುರ, ಚೌಕಟ್ಟೂ ಹಗುರವಾಗಬಹುದು. ಆದರೆ ಭಾರವೆಲ್ಲ ಪಂಪಿಗೆ ವರ್ಗವಾಗುತ್ತದೆ, ಕಲ್ಲನ್ನು ದಾಟಿಹೋದ ಚಿಮ್ಮನ್ನು ಕೆಳಗೆ ಹಿಡಿಯಲು ನೀರಿನ ತೊಟ್ಟಿಯೂ ಬೇಕು. ಲೇಸರ್ ಇನ್ನೂ ಸಾಗಿಸಲು ಸುಲಭ. ಅದು ಹೊಳಪಿನ ಕಪ್ಪು ಗ್ರಾನೈಟಿನ ಮೈಯನ್ನು ಸೂಕ್ಷ್ಮವಾಗಿ ಸಿಡಿಸಿ ಬೆಳ್ಳಗಿನ ಚಿತ್ರ ಮೂಡಿಸುತ್ತದೆ. ಕತ್ತರಿಸುವುದಕ್ಕೆ ಅದು ಒದಗುವುದಿಲ್ಲ.

ದೂಳಿನ ಪ್ರಶ್ನೆ ಮತ್ತು ಆ ನಿಷೇಧ

ಕಣ್ಣಿಗೆ ಕಾಣುವ ದೂಳು ಬಹುಪಾಲು ಮೂಗು, ಗಂಟಲಿನಲ್ಲೇ ನಿಂತುಬಿಡುತ್ತದೆ. ಅಪಾಯದ್ದು ನಾಲ್ಕೈದು ಮೈಕ್ರಾನ್‌ಗಿಂತ ಸಣ್ಣದು, ಶ್ವಾಸಕೋಶದ ತಳದವರೆಗೆ ಇಳಿಯುವಂಥದ್ದು. ಅದರಲ್ಲಿ ಸ್ಫಟಿಕರೂಪದ ಸಿಲಿಕಾ ಇದ್ದರೆ ಅಲ್ಲಿ ಗಾಯದ ಕಲೆಗಟ್ಟಿ ಸಿಲಿಕೋಸಿಸ್ ಬರುತ್ತದೆ. ಕಲೆಗಟ್ಟಿದ ಜಾಗ ಮತ್ತೆ ಮೊದಲಿನಂತಾಗುವುದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ 2016ರ ನಿಯಮದಲ್ಲಿ ಎಂಟು ಗಂಟೆಯ ಸರಾಸರಿಗೆ ಇಟ್ಟ ಮಿತಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ. ಒಂದು ಗ್ರಾಂ ಸಿಲಿಕಾ ದೂಳು ಇಪ್ಪತ್ತು ಸಾವಿರ ಘನ ಮೀಟರ್ ಗಾಳಿಯನ್ನು ಈ ಮಿತಿಗೆ ತಂದು ನಿಲ್ಲಿಸಬಲ್ಲದು.

ಎಲ್ಲ ಕಲ್ಲೂ ಒಂದೇ ಅಲ್ಲ. ಅಮೃತಶಿಲೆಯಲ್ಲಿ ಸಿಲಿಕಾ ತೀರಾ ಕಡಿಮೆ. ಗ್ರಾನೈಟಿನಲ್ಲಿ ಶೇ. 10ರಿಂದ 45. ಸ್ಫಟಿಕದ ಪುಡಿಯನ್ನು ರಾಳದಲ್ಲಿ ಅಂಟಿಸಿ ಮಾಡುವ ಕೃತಕ ಕಲ್ಲಿನಲ್ಲಿ ಶೇ. 90ಕ್ಕೂ ಹೆಚ್ಚಿರುವುದು ಸಾಮಾನ್ಯ. ಆಸ್ಟ್ರೇಲಿಯಾ ಗುರಿಯಿಟ್ಟದ್ದು ಈ ಕೊನೆಯದಕ್ಕೆ. ಶೇ. 40ಕ್ಕಿಂತ ಕಡಿಮೆ ಸಿಲಿಕಾ ಇರುವುದನ್ನಾದರೂ ಬಿಡಬಹುದೇ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು. ಅದು ಸುರಕ್ಷಿತ ಎನ್ನಲು ಪುರಾವೆಯಿಲ್ಲ ಎಂಬ ತೀರ್ಮಾನಕ್ಕೆ ಬಂದು ಅದನ್ನೂ ಸೇರಿಸಿದರು. ನೈಸರ್ಗಿಕ ಕಲ್ಲು ಈ ನಿಷೇಧದಲ್ಲಿಲ್ಲ. ಆದರೆ 2024ರ ಸೆಪ್ಟೆಂಬರಿನಿಂದ ಸಿಲಿಕಾ ಇರುವ ಎಲ್ಲ ವಸ್ತುಗಳ ಕೆಲಸಕ್ಕೂ ಅಲ್ಲಿ ನಿಯಮಗಳು ಬಿಗಿಯಾದವು. ಯಂತ್ರವನ್ನಂತೂ ಯಾರೂ ನಿಷೇಧಿಸಿಲ್ಲ.

ಹಾಗಾದರೆ ಒಳ್ಳೆಯ ಯಂತ್ರಗಳಿದ್ದೂ ಕಲ್ಲನ್ನೇ ಏಕೆ ತೆಗೆದರು? ಕಾರ್ಖಾನೆಯೊಳಗಿನ ನೀರಿನ ಯಂತ್ರ ದೂಳನ್ನು ಹಿಡಿಯುತ್ತದೆ ಎಂದೇ ಇಟ್ಟುಕೊಳ್ಳೋಣ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಜೋಡಿಸುವ ಸ್ಥಳದಲ್ಲಿ ಒಂದು ಅಂಚು ತುಸು ಕೆರೆಯಬೇಕು, ಒಂದು ನಲ್ಲಿಯ ತೂತು ದೊಡ್ಡದಾಗಬೇಕು. ಅಲ್ಲಿ ನೀರಿಲ್ಲ, ಗಾಳಿ ಎಳೆಯುವ ಏರ್ಪಾಡಿಲ್ಲ, ಕೈಯಲ್ಲೊಂದು ಗ್ರೈಂಡರ್ ಮಾತ್ರ. ಸುರಕ್ಷತೆಯ ಕ್ರಮದಲ್ಲಿ ಅಪಾಯಕಾರಿ ವಸ್ತುವನ್ನೇ ತೆಗೆಯುವುದು ಮೊದಲನೆಯದು, ಮುಖವಾಡ ಕೊನೆಯದು. ನಿಯಮಗಳನ್ನು ಎಲ್ಲರೂ ಎಲ್ಲೆಡೆ ಪಾಲಿಸುವಂತೆ ಮಾಡಲಾಗದು ಎಂದು ತೋರಿದಾಗ ಸರ್ಕಾರಗಳು ಮೊದಲ ಮೆಟ್ಟಿಲಿಗೆ ಏರುತ್ತವೆ.

ಪೋರ್ಟಬಲ್ ಸಿಎನ್‌ಸಿ ಕೆಲಸ ಮಾಡಬೇಕಾದದ್ದೂ ಅದೇ ಸ್ಥಳಗಳಲ್ಲಿ. ಎರಡು ಸುದ್ದಿಗಳೂ ಒಂದನ್ನೊಂದು ಮುಟ್ಟುವುದು ಇಲ್ಲಿ.

ಇದಕ್ಕೊಂದು ಹಳೆಯ ಪೂರ್ವಕತೆಯೂ ಇದೆ. ಅಮೆರಿಕದ ವರ್ಮಾಂಟ್ ರಾಜ್ಯದ ಬ್ಯಾರಿಯ ಗ್ರಾನೈಟ್ ಶೆಡ್ಡುಗಳಿಗೆ ಗಾಳಿಯ ಒತ್ತಡದಿಂದ ನಡೆಯುವ ಉಳಿಗಳು ಬಂದಾಗ ಕೆಲಸದ ವೇಗ ಏರಿತು, ಜೊತೆಗೆ ದೂಳೂ ಏರಿತು. ದೂಳನ್ನು ಮೂಲದಲ್ಲೇ ಎಳೆದುಕೊಳ್ಳುವ ಕೊಳವೆಗಳು ಅಲ್ಲಿ ವ್ಯಾಪಕವಾಗಿ ಬಂದದ್ದು 1930ರ ದಶಕದ ಕೊನೆಗೆ. ಉಪಕರಣಕ್ಕೂ ಅದರ ದೂಳಿನ ಏರ್ಪಾಡಿಗೂ ನಡುವೆ ಕಳೆದ ದಶಕಗಳಲ್ಲಿ ಕಲ್ಲುಕುಟಿಗರು ಸಿಲಿಕೋಸಿಸ್‌ನಿಂದಲೂ, ಅದರ ಬೆನ್ನಿಗೇ ಬರುವ ಕ್ಷಯದಿಂದಲೂ ಸಾಯುತ್ತಲೇ ಇದ್ದರು.

ಯಾರ ವಾದ ಏನು

ಹಗುರ ಯಂತ್ರಗಳ ಪರ ಇರುವವರು ಹೇಳುವುದು: ಎಲ್ಲರಿಗೂ ಆರಪಾರ ಕತ್ತರಿಸುವುದು ಬೇಕಿಲ್ಲ. ಎರಡು ಮಿ.ಮೀ. ಆಳದ ಅಕ್ಷರ, ಸಣ್ಣ ಉಬ್ಬುಶಿಲ್ಪ, ಜಾರದಂತೆ ಮೆಟ್ಟಿಲಿಗೆ ಗೀರು — ಇವಕ್ಕೆ ಹಗುರ ಯಂತ್ರ ಸಾಕು. ಈ ವಾದ ಸರಿಯಾದದ್ದೇ, ಆ ಮಿತಿಯೊಳಗೆ. ಕಾರ್ಖಾನೆಯವರು ಹೇಳುವುದು: ಸ್ಥಳದಲ್ಲಿ ಲೇಸರಿನಿಂದ ಅಳತೆ ತೆಗೆದು ಕಲ್ಲನ್ನು ಶೆಡ್ಡಿನಲ್ಲೇ ಕರಾರುವಾಕ್ಕಾಗಿ ಕತ್ತರಿಸಿದರೆ ಸ್ಥಳದಲ್ಲಿ ಕತ್ತರಿಸುವ ಅಗತ್ಯವೇ ಬೀಳದು. ಅಡುಗೆಕಟ್ಟೆ, ನೆಲಹಾಸಿನ ಮಟ್ಟಿಗೆ ಇದನ್ನು ಅಲ್ಲಗಳೆಯುವುದು ಕಷ್ಟ. ಆದರೆ ಕಟ್ಟಡದಲ್ಲಿ ಆಗಲೇ ಕೂತಿರುವ ಕಲ್ಲು, ಗಣಿಯಿಂದ ಕದಲದ ಬಂಡೆ, ಹಳೆಯ ಸ್ಮಾರಕದ ಮುರಿದ ಭಾಗಕ್ಕೆ ತೇಪೆ ಹಾಕುವ ಕೆಲಸ ಶೆಡ್ಡಿಗೆ ಬರುವುದಿಲ್ಲ.

ಕೈಕೆಲಸದವರ ಆತಂಕ ಬೇರೆ. ಒರಟು ಕೆಲಸ ಯಂತ್ರಕ್ಕೆ ಹೋದರೆ ಕಲಿಯುವವರು ಎಲ್ಲಿಂದ ಶುರುಮಾಡಬೇಕು? ಒರಟು ಕಡೆತ ಮಾಡಿ ಮಾಡಿಯೇ ಕಲ್ಲಿನ ಎಳೆ, ಅದರೊಳಗಿನ ಬಿರುಕು ಕೈಗೆ ತಿಳಿಯುವುದು. ಯಂತ್ರ ತಯಾರಕರ ಬಳಿ ಈ ಪ್ರಶ್ನೆಗೆ ಉತ್ತರವಿದ್ದಂತೆ ಕಾಣುವುದಿಲ್ಲ. ಅದೇ ಒರಟು ಕೆಲಸದಲ್ಲಿ ದೂಳೂ ಅತಿ ಹೆಚ್ಚು ಎಂಬುದನ್ನು ಮಾತ್ರ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕು.

ಪುಡಿ ಮಾಡದೆ ಸೀಳುವುದು

ಹಗುರ ಯಂತ್ರಕ್ಕೆ ನಿಜವಾಗಿ ಒಪ್ಪುವ ಒಂದು ಕೆಲಸ ಹೆಚ್ಚು ಚರ್ಚೆಗೆ ಬಂದಿಲ್ಲ. ಸಾಲಾಗಿ ತೂತು ಕೊರೆದು, ಒಳಗೆ ಬೆಣೆ ಬಡಿದು ಬಂಡೆ ಸೀಳುವುದು ಬಹಳ ಹಳೆಯ ವಿದ್ಯೆ. ಕಲ್ಲು ಎಳೆತಕ್ಕೆ ದುರ್ಬಲ ಎಂಬ ಅದೇ ಗುಣ ಇಲ್ಲಿ ಕೆಲಸಗಾರನ ಪರವಾಗಿ ದುಡಿಯುತ್ತದೆ. ಬ್ಲೇಡು ಇಡೀ ಗೆರೆಯ ಕಲ್ಲನ್ನು ಪುಡಿ ಮಾಡಬೇಕು, ಬೆಣೆಗೆ ತೂತುಗಳಷ್ಟೇ ಪುಡಿಯಾದರೆ ಸಾಕು. ಶಕ್ತಿ ಕಡಿಮೆ, ದೂಳು ಕಡಿಮೆ, ನೀರೂ ಕಡಿಮೆ.

ಸೀಳು ನೇರ ಬರುವುದು ತೂತುಗಳು ಒಂದೇ ಸಮತಲದಲ್ಲಿ, ಸಮ ಅಂತರದಲ್ಲಿ, ಸರಿಯಾದ ಆಳಕ್ಕೆ ಇದ್ದಾಗ. ಕಂಪ್ಯೂಟರ್ ಚೆನ್ನಾಗಿ ಮಾಡುವ ಕೆಲಸ ಅದೇ. ಕೊರೆಯುವ ಬಲವೂ ಒಂದೇ ದಿಕ್ಕಿನದು, ತೂತಿನ ನೇರಕ್ಕೆ. ಹಾಗಾಗಿ ಬಂಡೆಗೆ ಬಿಗಿದ ಒಂದು ಹಳಿ, ಅದರ ಮೇಲೆ ಸರಿಯುವ ಒಂದು ಡ್ರಿಲ್ ಸಾಕಾಗುತ್ತದೆ. ಗಣಿಗಳಲ್ಲಿ ಹಳಿಯ ಮೇಲೆ ಸಾಲು ತೂತು ಕೊರೆಯುವ ಯಂತ್ರಗಳು ಆಗಲೇ ಇವೆ. ಅವಕ್ಕೆ ಅಗ್ಗದ ನಿಯಂತ್ರಕ ಜೋಡಿಸುವುದು ಹೊಸ ಯಂತ್ರ ಹುಟ್ಟಿಸುವುದಕ್ಕಿಂತ ಸುಲಭ. ಸೀಳಿದ ಮೈ ಒರಟಾಗಿರುತ್ತದೆ ಎಂಬ ದೂರು ನಿಜ. ಆದರೆ ಗೋಡೆಗಲ್ಲು, ಮೆಟ್ಟಿಲು, ರಸ್ತೆಯಂಚಿನ ಕಲ್ಲುಗಳಿಗೆ ಆ ಒರಟು ಮೈಯೇ ಬೇಕು.

ಮುಂದೆ ಆಗಬಹುದಾದದ್ದು

ಎಲ್ಲ ಕೆಲಸಕ್ಕೂ ಒದಗುವ ಸೂಟ್‌ಕೇಸ್ ಗಾತ್ರದ ಕಲ್ಲಿನ ಸಿಎನ್‌ಸಿ ಬರುವ ಲಕ್ಷಣ ಕಾಣುತ್ತಿಲ್ಲ. ಬರುವುದು ಬೇರೆ ಬೇರೆ ಕೆಲಸದ ಬೇರೆ ಬೇರೆ ಯಂತ್ರಗಳು: ಅಕ್ಷರ ಕೆತ್ತುವುದೊಂದು, ಹಳಿಯ ಮೇಲೆ ನೇರ ಕತ್ತರಿಸುವುದೊಂದು, ತೂತು ಕೊರೆಯುವುದೊಂದು. ಮೂರಕ್ಕೂ ಒಂದೇ ನಿಯಂತ್ರಕ ಇರಬಹುದು, ಬಿಗಿಯುವ ಬಗೆ ಮಾತ್ರ ಒಂದೊಂದಕ್ಕೂ ಒಂದೊಂದು.

ಕಾನೂನೂ ಹತ್ತಿರ ಬರುತ್ತಿದೆ. ಐರೋಪ್ಯ ಒಕ್ಕೂಟದ ಹೊಸ ಯಂತ್ರ ನಿಯಮ 2027ರ ಜನವರಿ 20ರಿಂದ ಜಾರಿಗೆ ಬರಲಿದ್ದು, ಸುರಕ್ಷತೆಗೆ ಸಂಬಂಧಿಸಿದ ತಂತ್ರಾಂಶವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬಳಕೆಯಲ್ಲಿರುವ ಯಂತ್ರಕ್ಕೆ ಹೊಸ ಅಪಾಯ ತರುವಂಥ ದೊಡ್ಡ ಬದಲಾವಣೆ ಮಾಡಿದ ಉದ್ಯಮವನ್ನೇ ಅದು ತಯಾರಕ ಎಂದು ಪರಿಗಣಿಸುತ್ತದೆ. ಹಳೆಯ ಹಳಿ ಗರಗಸಕ್ಕೆ ಸ್ವಂತ ಮೋಟಾರು, ಸ್ವಂತ ನಿಯಂತ್ರಕ ಹಾಕಿ ಬಾಡಿಗೆಗೆ ಬಿಡುವವರು ಆ ಸಾಲಿಗೆ ಸೇರಬಹುದು.

ಅಗ್ಗದ ಕಂಪ್ಯೂಟರಿಗೆ ಅತ್ಯಂತ ಬೆಲೆಬಾಳುವ ಕೆಲಸ ಸಿಗಬಹುದಾದದ್ದೂ ಈ ಸುರಕ್ಷತೆಯ ಕಡೆಯೇ. ನೀರಿನ ಕೊಳವೆಯಲ್ಲಿ ಒಂದು ಹರಿವಿನ ಸೆನ್ಸರ್ ಇಟ್ಟು, ಹರಿವು ನಿಗದಿಗಿಂತ ಇಳಿದರೆ ಬ್ಲೇಡು ತಿರುಗುವುದೇ ಇಲ್ಲ ಎಂಬಂತೆ ಮಾಡಬಹುದು. ಮೋಟಾರು ಎಳೆಯುವ ಕರೆಂಟನ್ನು ನೋಡುತ್ತಾ, ಬ್ಲೇಡು ಮೊಂಡಾಗಿ ಹೊಳಪುಗಟ್ಟುವ ಮೊದಲೇ ನಡಿಗೆಯನ್ನು ಬದಲಿಸಬಹುದು. ನಿರ್ವಾತ ಕುಸಿಯತೊಡಗಿದ ಕ್ಷಣವೇ ಬ್ಲೇಡನ್ನು ಕಲ್ಲಿನಿಂದ ಹೊರಗೆಳೆಯಬಹುದು. ಇವ್ಯಾವುದಕ್ಕೂ ಹೊಸ ಆವಿಷ್ಕಾರ ಬೇಕಿಲ್ಲ. ಕೈಯಲ್ಲಿ ಹಿಡಿಯುವ ಗ್ರೈಂಡರಿನಲ್ಲಿ ನೀರು ನಿಲ್ಲಿಸಿ ಒಣಕಲಾಗಿ ಕತ್ತರಿಸುವುದನ್ನು ತಡೆಯುವವರಿಲ್ಲ. ಹಳಿಗೆ ಬಿಗಿದ ಸಿಎನ್‌ಸಿಯಲ್ಲಿ ಅದನ್ನು ತಡೆಯಲು ಒಂದು ಸೆನ್ಸರು ಮತ್ತು ನಾಲ್ಕು ಸಾಲಿನ ಪ್ರೋಗ್ರಾಂ ಸಾಕು. ಈಗ ಮಾರಾಟದಲ್ಲಿರುವ ಯಂತ್ರ ನೋಡಲು ಹೋದವರು ಅಕ್ಷದ ಸಂಖ್ಯೆ ಕೇಳುವ ಮೊದಲು ನೀರಿನ ನಲ್ಲಿ ಮುಚ್ಚಿ ಏನಾಗುತ್ತದೆಂದು ನೋಡಬಹುದು.